ಸಿರುಗುಪ್ಪದ ಕಾರು ಕುಡಿದ ನೀರು

ಆ ಮಧ್ಯಾಹ್ನ ಶೆಡ್ಡಿನಲ್ಲಿ ಇದ್ದವರು ಮೂವರು. ನಾನು, ನನಗೆ ಕೆಲಸ ಕಲಿಸಿದ ಉಸ್ತಾದ್ ಖಾದರ್ ಸಾಬರು, ಸಿರುಗುಪ್ಪದಿಂದ ಬಂದಿದ್ದ ದೊಡ್ಡಬಸಪ್ಪನವರು. ದೊಡ್ಡಬಸಪ್ಪನವರ ಬಿಳಿ ಅಂಬಾಸಿಡರ್ ಕಾರನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ವರು. ಬಾನೆಟ್ಟು ತೆರೆದುಕೊಂಡು, ಬುಸುಗುಡುತ್ತ, ಹಬೆ ಬಿಡುತ್ತ ನಿಂತಿದ್ದ ಅದೇ ನಮ್ಮೆಲ್ಲರಿಗಿಂತ ಹೆಚ್ಚು ಮಾತಾಡುತ್ತಿತ್ತು.

ಬಳ್ಳಾರಿಯಲ್ಲಿ ಸಿರುಗುಪ್ಪ ರಸ್ತೆ ಊರಿನೊಳಗೆ ಸೇರುವ ಕಡೆ, ಒಂದು ಬೇವಿನ ಮರದ ಮಗ್ಗುಲಲ್ಲಿ ನಮ್ಮ ತಗಡಿನ ಶೆಡ್ಡು. ಉಸ್ತಾದರು ಆ ಹೊತ್ತಿಗೆ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಬಹಳ ಕಾಲವಾಗಿತ್ತು. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕಾಗಿತ್ತು. ಯಾವುದೋ ಕಾರಿನಿಂದ ಬಿಚ್ಚಿದ ಸೀಟನ್ನು ಮರದ ನೆರಳಿಗೆ ಹಾಕಿಕೊಂಡು ದಿನವೆಲ್ಲ ಅಲ್ಲೇ ಕೂತು, ಒಳಗೆ ನಾನು ಮಾಡುವ ಕೆಲಸಕ್ಕೆ ಹೊರಗಿನಿಂದಲೇ ತಪ್ಪು ತೆಗೆಯುತ್ತಿದ್ದರು.

ಅವರು ಈಗಿಲ್ಲ. ನಾನೂ ಶೆಡ್ಡು ಬಿಟ್ಟು ನನ್ನೂರು ಕುರುಗೋಡಿನಲ್ಲಿ ಕೂತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳುವುದುಂಟು: "ಪಂಪಣ್ಣ, ಹಳೇ ಗಾಡಿ ಹೀಟ್ ಆದ್ರ ಮೊದ್ಲು ಏನ್ ನೋಡಬೇಕು?" ಹೊಸ ಗಾಡಿಗಳಾದರೆ ಯಂತ್ರ ಜೋಡಿಸಿದರೆ ಸಾಕು, ಅದೇ ಹೇಳುತ್ತದೆ. ಹಳೆಯ ಗಾಡಿಗೆ ಬಾಯಿಲ್ಲ. ಅದರ ಪರವಾಗಿ ಮಾತಾಡುವವನು ಓಡಿಸುವವನೇ, ಮತ್ತು ಅವನು ತನಗೆ ಗೊತ್ತಿದ್ದಷ್ಟನ್ನೇ ಹೇಳುತ್ತಾನೆ. ಆ ಹುಡುಗರಿಗೆ ಬಸ್ಸು ಬರುವ ಮುಂಚೆ ನಾನು ಹೇಳಿ ಮುಗಿಸಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡಬಸಪ್ಪನವರು ಒಳಗೆ ಬಂದವರೇ ಮೊದಲು ಕೇಳಿದ್ದು ನೀರು. ಚೆಂಬು ಎತ್ತಿ ಗಟಗಟ ಒಂದೇ ಉಸಿರಿಗೆ ಮುಗಿಸಿ, ಇನ್ನೊಂದು ಚೆಂಬು ತುಂಬಿಸಿಕೊಂಡರು.

ಉಸ್ತಾದರು ನಕ್ಕರು. "ಏನ್ರೀ, ಗಾಡಿಗಿಂತ ನೀವೇ ಹೆಚ್ಚು ಕಾದೀರಲ್ಲ!"

"ಹಾದ್ಯಾಗ ಕುಡಿಯಾಕ ಆಗಂಗಿಲ್ರೀ ಸಾಬ್ರೆ," ಎಂದರು ಅವರು. ಯಾಕೆ ಆಗುವುದಿಲ್ಲ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸುವ ಬಾಯ್ಲರ್ ನೋಡಿಕೊಂಡಿದ್ದವರು. ಬಾಯ್ಲರಿನ ಪಕ್ಕದ ಗಾಜಿನ ಕೊಳವೆಯಲ್ಲಿ ನೀರು ಎಲ್ಲಿಗೆ ನಿಂತಿದೆ ಎಂದು ನೋಡುವುದೇ ಅವರ ಜೀವಮಾನದ ಕೆಲಸ. ನೀರು ಇಳಿದರೆ ಬಾಯ್ಲರ್ ಸಿಡಿಯುತ್ತದೆ. ಹಾಗಾಗಿ ನೀರಿಲ್ಲದೆ ಮನೆಯ ಹೊಸ್ತಿಲು ದಾಟಲೂ ಹೆದರುವ ಮನುಷ್ಯ. ಮಿಲ್ಲಿನ ಸಾವ್ಕಾರರು ಹೊಸ ಕಾರು ಕೊಂಡಾಗ ಹಳೆಯದನ್ನು ಇವರಿಗೆ ಬಿಟ್ಟುಕೊಟ್ಟಿದ್ದರು.

"ಮೇಸ್ತ್ರಿ, ನಂದೇನ್ ಅವಸರ ಇಲ್ರಿ," ಎಂದರು. "ಆದ್ರ ಗುರುವಾರ ಮತ್ತ ಬರಬೇಕು. ಗುರುವಾರ ತಪ್ಪಂಗಿಲ್ಲ."

ಅವರ ಹೆಂಡತಿ ನೀಲಮ್ಮನವರಿಗೆ ಮೂತ್ರಪಿಂಡ ಕೈಕೊಟ್ಟಿತ್ತು. ಸೋಮವಾರ, ಗುರುವಾರ ಬಳ್ಳಾರಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಆ ಪಾಳಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರೇ ಕಟ್ಟುತ್ತದೆ. ಆಕೆಯನ್ನು ಯಂತ್ರದ ಪಕ್ಕ ಮಲಗಿಸಿ, ಆ ಬಿಡುವಿನಲ್ಲಿ ಇವರು ಕಾರು ತಂದಿದ್ದರು.

"ಬಸ್ಸಿಗೆ ಬರಾಕ ಆಗಂಗಿಲ್ಲೇನ್ರಿ?" ಎಂದೆ.

"ಬರಾಗ ಬರಬೌದು. ವಾಪಸ್ ಹೋಗಾಗ ಅಕಿಗೆ ಕಾಲ ಮ್ಯಾಲೆ ನಿಲ್ಲಾಕ ಆಗಂಗಿಲ್ಲ. ಎಡಗೈಗೆ ಸೂಜಿ ಚುಚ್ಚೋ ನರ ಮಾಡ್ಯಾರ, ಆ ಕೈಲೆ ಒಂದು ತಂಬಿಗಿ ಸೈತ ಎತ್ತಂಗಿಲ್ಲ. ಹಿಂದಿನ ಸೀಟಿನ್ಯಾಗ ಮಲಗಿಸ್ಕೊಂಡು ಹೋಗ್ತೀನಿ. ನಿಮಗಿದು ಕಾರು, ಅಕಿಗಿದು ಮಂಚರಿ."

ಈ ಮಾತಾದ ಮೇಲೆ ಆ ಕಾರು ನನಗೂ ಬೇರೆಯಾಗಿ ಕಾಣತೊಡಗಿತು.

ಉಸ್ತಾದರು ನನಗೆ ಕಲಿಸಿದ ಮೊದಲ ಪಾಠ, ಕಾದ ಗಾಡಿ ಬಂದರೆ ಪಾನಾ ಮುಟ್ಟಬೇಡ, ಚಾ ತರಿಸು. ಅವರ ಬಲಗೈಯ ಮೊಣಕೈ ತನಕ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಹರೆಯದಲ್ಲಿ ಒಂದು ಲಾರಿಯ ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲೇ ತಿರುಗಿಸಿದ್ದರ ಗುರುತು ಅದು. ಹೊಸಬರು ಯಾರು ಬಂದರೂ ಮೊದಲು ಆ ಕೈ ತೋರಿಸುತ್ತಿದ್ದರು. ಬೇರೆ ವಿವರಣೆ ಬೇಕಾಗುತ್ತಿರಲಿಲ್ಲ.

ಚಾ ಕುಡಿಯುತ್ತ ನಾನು ಕೇಳಿದೆ: "ಎಲ್ಲಿ ಕಾಯ್ತೈತ್ರಿ?"

"ಸಿಂಧಿಗೇರಿ ಹತ್ರ ಬರೋದ್ರಾಗ ಹೀಟಿನ ಮುಳ್ಳು ಮ್ಯಾಲೆ ಹೋಗ್ತೈತಿ. ಅಲ್ಲಿ ಹೋಟ್ಲು ಮುಂದ ನಿಲ್ಸಿ, ನಾನು ಚಾ ಕುಡುದು ಬರ್ತೀನಿ. ಅಷ್ಟೊತ್ತಿಗೆ ತಣ್ಣಗಾಗಿರ್ತೈತಿ, ನೀರ್ ಹಾಕಿ ಹೊರಡೂದು. ಹಿಂದಿನ ಸೀಟಿನ ಕೆಳಗ ಒಂದು ಸಣ್ಣ ಕ್ಯಾನು ಇಟ್ಟಿರ್ತೀನಿ. ಬಳ್ಳಾರಿ ಮುಟ್ಟೋದ್ರಾಗ ಅದು ಖಾಲಿ."

"ಇಡೀ ಕ್ಯಾನು ಗಾಡೀನೇ ಕುಡೀತೈತೇನು?"

"ಮತ್ತ್ಯಾರು ಕುಡೀತಾರ್ರಿ?"

ತಣ್ಣಗಾದ ಮೇಲೆ ಬಟ್ಟೆ ಹಾಕಿ ಮುಚ್ಚಳ ತೆಗೆದೆ. ಒಳಗೆ ಹಳದಿ ಕೆಸರು. ವಾಸನೆ ಮರದ ಕೆಳಗಿನವರೆಗೂ ಹೋಯಿತು.

"ಏನ್ರೀ ದೊಡ್ಡಬಸಪ್ಪ," ಎಂದರು ಉಸ್ತಾದರು ಕೂತಲ್ಲಿಂದಲೇ, "ಗಾಡಿಗೆ ವರ ನೋಡೀರೇನು? ಅರಿಶಿಣ ಹಚ್ಚೀರಿ!"

ದೊಡ್ಡಬಸಪ್ಪನವರು ನಾಚಿಕೊಂಡರು. "ಸೋರ್ತಿತ್ತು. ಹಾಕಿದ್ರ ನಿಲ್ತೈತಿ ಅಂದ್ರು ಯಾರೋ."

ನಿಲ್ಲುತ್ತದೆ, ಅದು ಸುಳ್ಳಲ್ಲ. ರೇಡಿಯೇಟರಿನಲ್ಲಿ ಸಣ್ಣ ತೂತು ಬಿದ್ದರೆ ಒಂದು ಹಿಡಿ ಅರಿಶಿಣ ಪುಡಿ ಹಾಕುವುದು ನಮ್ಮ ಕಡೆಯ ಹಳೆಯ ಉಪಾಯ. ಪುಡಿ ಉಬ್ಬಿ ತೂತು ಮುಚ್ಚುತ್ತದೆ. ಆದರೆ ತೂತು ಯಾವುದು, ನೀರು ಹರಿಯುವ ದಾರಿ ಯಾವುದು ಎಂದು ಅರಿಶಿಣಕ್ಕೆ ಗೊತ್ತಿಲ್ಲ. ಎರಡನ್ನೂ ಮುಚ್ಚುತ್ತದೆ. ಕುರುಗೋಡಿನ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಅರಿಶಿಣ ಸಾಲದೆ ಮೆಂತ್ಯದ ಹಿಟ್ಟನ್ನೂ ಸುರಿದಿದ್ದ. ಅವನ ಜೀಪು ಕುದಿಯತೊಡಗಿದಾಗ ಉಪ್ಪಿನಕಾಯಿಗೆ ಒಗ್ಗರಣೆ ಕೊಟ್ಟ ಹಾಗೆ ಓಣಿಯೆಲ್ಲ ಘಮಘಮ. ಆ ರೇಡಿಯೇಟರಿನಿಂದ ನಾನು ತೆಗೆದದ್ದನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನಬಹುದಿತ್ತು.

ಈ ಕಾರಿಗೆ ಅರಿಶಿಣವೊಂದೇ ರೋಗವಾಗಿರಲಿಲ್ಲ. ಎಂಜಿನ್ ಸ್ವಲ್ಪ ಬಿಸಿಯಾದಾಗ ಅಂಗೈಯನ್ನು ರೇಡಿಯೇಟರಿನ ಮುಖದ ಮೇಲೆ ನಿಧಾನ ಸರಿಸಿಕೊಂಡು ಹೋದೆ. ಮೇಲೆ ಸುಡುತ್ತಿತ್ತು, ನಡುವೆ ತಣ್ಣಗಿತ್ತು. ತಣ್ಣಗಿದೆ ಎಂದರೆ ಅಲ್ಲಿಗೆ ನೀರೇ ಬರುತ್ತಿಲ್ಲ ಎಂದರ್ಥ. ಬೋರ್‌ವೆಲ್ಲಿನ ಉಪ್ಪುನೀರು ಹಾಕಿ ಹಾಕಿ ಕೊಳವೆಗಳ ಒಳಗೆ ಸುಣ್ಣ ಕಟ್ಟಿತ್ತು. ಹೊರಗಿನ ಸಂದಿಯಲ್ಲಿ ಸಿರುಗುಪ್ಪ ಕಡೆಯ ಭತ್ತದ ಹೊಟ್ಟು, ಅದರ ಮೇಲೆ ಬಳ್ಳಾರಿಯ ಕೆಂಪು ಧೂಳು, ಎರಡೂ ಸೇರಿ ಗೋಡೆಗೆ ಗಿಲಾವು ಮಾಡಿದಂತೆ ಗಟ್ಟಿಯಾಗಿದ್ದವು. ಎಂಜಿನ್ ಏರಿಸಿದರೆ ಕೆಳಗಿನ ರಬ್ಬರ್ ಪೈಪು ಒಳಕ್ಕೆ ಚಪ್ಪಟೆಯಾಗುತ್ತಿತ್ತು. ನೀರು ಬಿಸಿಯಾಗುವ ತನಕ ಮುಚ್ಚಿಕೊಂಡಿದ್ದು ಆಮೇಲೆ ತೆರೆದುಕೊಳ್ಳುವ ಥರ್ಮೋಸ್ಟಾಟು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

"ಇದನ್ನ ಯಾರ್ರೀ ಕಿತ್ತು ಬಿಸಾಕಿದ್ದು?" ಎಂದೆ.

ದೊಡ್ಡಬಸಪ್ಪನವರು ಮೆಲ್ಲಗೆ ಹೊರಗೆ ನೋಡಿದರು. "ಸಾವ್ಕಾರ್ರ ಕಾಲದಾಗ... ಸಾಬ್ರೇ ತೆಗ್ಸಿದ್ರು."

ಉಸ್ತಾದರು ಸ್ವಲ್ಪವೂ ಅಳುಕಲಿಲ್ಲ. "ಹೌದ್ಲೇ ಪಂಪ್ಯಾ, ನಾನೇ ತೆಗದೀನಿ. ಬಳ್ಳಾರಿ ಬಿಸಿಲಿಗೆ ಗಾಡಿಗ್ಯಾಕೋ ಬಾಗ್ಲಾ? ತೆರದಿಟ್ರ ಗಾಳಿ ಆಡ್ತೈತಿ."

"ಬಾಗ್ಲ ತೆರದಿಟ್ರ ನೀರು ರೇಡಿಯೇಟ್ರಿಗೆ ಹೋಗಂಗಿಲ್ಲ ಉಸ್ತಾದ್. ಪಕ್ಕದ ಸಣ್ಣ ಪೈಪಿನ್ಯಾಗೇ ತಿರುಗಿ ವಾಪಸ್ ಎಂಜಿನ್ನಿಗೇ ಬರ್ತೈತಿ."

"ನಾ ತೆಗದ ಗಾಡಿ ಊರ ತುಂಬ ಓಡ್ಯಾಡ್ತಾವ."

"ಅದಕ್ಕೇ ನನಗ ಕೆಲಸ ಐತಿ."

ಅವರು ಬೈದರು. ಏನು ಬೈದರು ಎಂದು ಬರೆಯುವಂತಿಲ್ಲ, ಆದರೆ ಮನಸ್ಸಿಟ್ಟು ಬೈದರು. ನನ್ನ ಗುರುಗಳ ಮಾತನ್ನು ನಾನು ಮೀರಿದ್ದು ಆ ಒಂದು ವಿಷಯದಲ್ಲಿ. ಅವರ ಕಾಲದಲ್ಲಿ ಒಳ್ಳೆಯ ಥರ್ಮೋಸ್ಟಾಟು ಸಿಗುತ್ತಿರಲಿಲ್ಲ, ಸಿಕ್ಕದ್ದು ಮುಚ್ಚಿದಂತೆಯೇ ಅಂಟಿಕೊಳ್ಳುತ್ತಿತ್ತು. ತೆಗೆಯುವುದೇ ಕ್ಷೇಮ ಎಂದು ಕಲಿತಿದ್ದರು. ಕಲಿಯುವಾಗ ಇದ್ದ ಕಾರಣ ಹೋಗಿಬಿಟ್ಟರೂ ಕೈ ಮಾತ್ರ ಅದನ್ನೇ ಮಾಡುತ್ತಿರುತ್ತದೆ. ಈ ಕೆಲಸದಲ್ಲಿ ಅದು ಎಲ್ಲರಿಗೂ ಆಗುವಂಥದ್ದು.

ಆ ದಿನ ನನ್ನ ಪರಿಚಯದವರ ಕಾರನ್ನು ಆಸ್ಪತ್ರೆಗೇ ಕಳಿಸಿ, ಗಂಡಹೆಂಡಿರಿಬ್ಬರನ್ನೂ ಊರು ಮುಟ್ಟಿಸಿ, ಗಾಡಿಯನ್ನು ಇಟ್ಟುಕೊಂಡೆ. ಸಲಸಲಕ್ಕೂ ಹಾಗೆ ಬಾಡಿಗೆ ಕೊಟ್ಟು ಹೋಗುವುದು ಅವರಿಂದ ಆಗುವ ಮಾತಾಗಿರಲಿಲ್ಲ. ರೇಡಿಯೇಟರಿಗೆ ರಾಡು ಹೊಡೆಸಿ ಕೊಳವೆಗಳಲ್ಲಿ ಕಟ್ಟಿದ್ದ ಸುಣ್ಣ ಬಿಡಿಸಿಕೊಂಡು ಬಂದೆ. ಹೊಟ್ಟನ್ನು ನೀರು ಹೊಡೆದು ತೆಗೆದೆ. ಪೈಪು, ಮುಚ್ಚಳ, ಥರ್ಮೋಸ್ಟಾಟು, ಸಡಿಲಾಗಿದ್ದ ಫ್ಯಾನ್ ಬೆಲ್ಟು, ಎಲ್ಲ ಹೊಸದು ಹಾಕಿದೆ. ಸುಡುಬಿಸಿಲಿನಲ್ಲೇ ಸಂಗನಕಲ್ಲಿನ ತನಕ ಓಡಿಸಿಕೊಂಡು ಬಂದೆ. ಮುಳ್ಳು ನಡುವೆ ನಿಂತದ್ದು ಅಲುಗಲಿಲ್ಲ. ಬುಧವಾರ ದೊಡ್ಡಬಸಪ್ಪನವರು ಬಂದು ಕಾರು ತೆಗೆದುಕೊಂಡು ಹೋದರು.

ಗುರುವಾರ ಮತ್ತೆ ಬಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಮುಖ ಅರ್ಧ ಅರಳಿತ್ತು, ಅರ್ಧ ಬಾಡಿತ್ತು.

"ಮುಳ್ಳು ಏಳ್ಲಿಲ್ರಿ ಮೇಸ್ತ್ರಿ. ಆದ್ರ ನೀರು ಕುಡದೈತಿ."

ಕ್ಯಾನು ತೆಗೆದು ತೋರಿಸಿದರು. ಅರ್ಧಕ್ಕಿಂತ ಕೆಳಗಿತ್ತು.

"ದಾರ್ಯಾಗ ಮುಚ್ಚಳ ತೆಗೀಬ್ಯಾಡ್ರಿ ಅಂದಿದ್ದೆ."

"ನಾ ತೆಗೀಲಿಲ್ಲ. ಸಿಂಧಿಗೇರ್ಯಾಗ ನಾ ಚಾ ಕುಡುದು ಬರೋದ್ರಾಗ ಅಕಿನೇ ಹಾಕಿದ್ಲಂತ. ನನಗಿಂತ ಅಕಿಗೇ ಗಾಡಿ ಚಿಂತಿ ಹೆಚ್ಚು."

ಈ ಮಾತು ಹೇಳುವಾಗ ಅವರ ದನಿಯಲ್ಲಿ ಒಂದು ಹೆಮ್ಮೆ ಇತ್ತು. ನಾನೂ ಅದನ್ನು ಹಾಗೇ ನುಂಗಿದೆ. ನನ್ನ ತಲೆಯಲ್ಲಿ ಓಡಿದ್ದು ಬೇರೆಯೇ ಲೆಕ್ಕ. ಹೊರಗೆ ಒಂದು ಹನಿ ಸೋರುತ್ತಿಲ್ಲ, ಆದರೂ ಅರ್ಧ ಕ್ಯಾನು ನೀರು ಹಿಡಿಸಿದೆ ಎಂದರೆ ಅದು ಎಂಜಿನ್ನಿನ ಒಳಗೇ ಹೋಗುತ್ತಿದೆ. ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಸುಟ್ಟರೆ ಹಾಗಾಗುತ್ತದೆ. ಆಯಿಲ್ ಕಡ್ಡಿ ಎಳೆದು ನೋಡಿದೆ, ಆಯಿಲ್ ಮಜ್ಜಿಗೆಯಂತೆ ಬಿಳುಪಾಗಿರಲಿಲ್ಲ. ಹೊಗೆಯಲ್ಲಿ ಹಬೆ ಇರಲಿಲ್ಲ. ಮುಚ್ಚಳ ತೆಗೆದಿಟ್ಟು ಎಂಜಿನ್ ಏರಿಸಿದೆ, ನೀರಿನಲ್ಲಿ ಗುಳ್ಳೆ ಏಳಲಿಲ್ಲ. ಎಲ್ಲ ಸರಿಯಾಗಿತ್ತು, ಕ್ಯಾನು ಮಾತ್ರ ಅರ್ಧ ಖಾಲಿಯಾಗಿತ್ತು.

"ಹೆಡ್ ಬಿಚ್ಚಲೇ," ಎಂದರು ಉಸ್ತಾದರು. "ಕಣ್ಣಿಗೆ ಕಾಣದ್ದು ಬಿಚ್ಚಿದ್ರೇ ಕಾಣೂದು."

ಬಿಚ್ಚಬಹುದಿತ್ತು. ಆದರೆ ಅಷ್ಟು ಹಳೆಯ ಎಂಜಿನ್ನಿನ ಹೆಡ್ಡು ಬಿಚ್ಚಿದರೆ ಅಲ್ಲಿಗೆ ನಿಲ್ಲುವುದಿಲ್ಲ. ಬೋಲ್ಟು ಮುರಿಯುತ್ತದೆ, ಲೇತಿಗೆ ಹೋಗುತ್ತದೆ, ಸಾಮಾನಿಗೆ ಕಾಯಬೇಕಾಗುತ್ತದೆ. ವಾರ ದಾಟುತ್ತದೆ. ಅಷ್ಟರಲ್ಲಿ ಸೋಮವಾರವೂ ಬರುತ್ತದೆ, ಗುರುವಾರವೂ ಬರುತ್ತದೆ. ಆಕೆಯ ಮಂಚವನ್ನು ನಾನು ಬಿಚ್ಚಿ ಹರವಿಕೊಂಡು ಕೂತರೆ ಆಕೆ ಹೇಗೆ ಬರಬೇಕು?

"ಇನ್ನೊಂದು ಸಲ ನೋಡೂಣು," ಎಂದೆ.

ರೇಡಿಯೇಟರನ್ನು ಬಾಯಿತನಕ ತುಂಬಿಸಿ ಮುಚ್ಚಳ ಬಿಗಿದೆ. ಆಮೇಲೆ ಉಸ್ತಾದರೇ ಹಿಂದೆ ಕಲಿಸಿದ್ದ ಒಂದು ಸಣ್ಣ ಉಪಾಯ ಮಾಡಿದೆ. ಮುಚ್ಚಳದ ಅಂಚಿನಿಂದ ರೇಡಿಯೇಟರಿನ ಕತ್ತಿನವರೆಗೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆದೆ. ಮುಚ್ಚಳ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ, ಮತ್ತೆ ಕೂಡಿಸಲು ಬರುವುದಿಲ್ಲ. ಗೆರೆ ಎಳೆದದ್ದನ್ನು ದೊಡ್ಡಬಸಪ್ಪನವರಿಗೆ ಹೇಳಲಿಲ್ಲ. ಅವರನ್ನು ಅನುಮಾನಿಸಿದ ಹಾಗೆ ಆಗಬಾರದು ಎಂದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಸೋಮವಾರ ಬಂದರು. ಹೆಂಡತಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದರು. ಎಂದಿನ ಹಾಗೆ ಚೆಂಬು ನೀರು ಎತ್ತಿ ಕುಡಿದರು. ಕ್ಯಾನು ಮತ್ತೆ ಅರ್ಧವಾಗಿತ್ತು.

ಆ ದಿನ ನಾನು ಇನ್ನೊಂದು ಕೆಲಸ ಮಾಡಬೇಕೆಂದಿದ್ದೆ. ರೇಡಿಯೇಟರ್ ಹಸನಾದ ಮೇಲೆ ಮತ್ತೆ ಉಪ್ಪುನೀರು ಹಾಕಿ ಕೆಡಿಸಬಾರದು, ತುಕ್ಕು, ಸುಣ್ಣ ಕಟ್ಟದ ಹಾಗೆ ನೋಡಿಕೊಳ್ಳುವ ಕೂಲೆಂಟು ಬೆರೆಸಿದ ಒಳ್ಳೆ ನೀರೇ ಹಾಕಬೇಕು. ಉಸ್ತಾದರ ಕಾಲಕ್ಕೆ ಇದಿರಲಿಲ್ಲ, ಕಾಲುವೆ ನೀರಾದರೆ ಅದೇ ದೊಡ್ಡದು. ನಾನು ಕ್ಯಾನಿನಲ್ಲಿ ಉಳಿದಿದ್ದ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ, ಹಸಿರು ಕೂಲೆಂಟು ಬೆರೆಸಿ ತುಂಬಿಸಿ, ಮುಚ್ಚಿ, ಹಿಂದಿನ ಸೀಟಿನ ಕೆಳಗೆ ಅದರ ಜಾಗದಲ್ಲೇ ಇಟ್ಟೆ. ಆಮೇಲೆ ಬಾನೆಟ್ಟು ಎತ್ತಿದೆ.

ಬಿಳಿ ಗೆರೆ ಹಾಗೇ ಇತ್ತು. ಎಳೆದ ದಿನ ಹೇಗಿತ್ತೋ ಹಾಗೆ. "ಗೆರಿ ಹಂಗೇ ಐತಿ ಉಸ್ತಾದ್," ಎಂದು ಹೊರಗೆ ಕೂಗಿ ಹೇಳಿದೆ.

ಮುಚ್ಚಳ ತೆಗೆದೆ. ನೀರು ಬಾಯಿತನಕ ಇತ್ತು.

"ಇವತ್ತು ನೀರು ಯಾರು ಹಾಕಿದ್ರಿ?" ಎಂದೆ.

"ಅಕಿನೇ," ಎಂದರು ದೊಡ್ಡಬಸಪ್ಪ. ಸ್ಟೂಲಿನ ಮೇಲೆ ಕೂತು ಮುಖ ಒರೆಸಿಕೊಳ್ಳುತ್ತಿದ್ದರು. ಬೇರೇನೋ ಅವರನ್ನು ಕೊರೆಯುತ್ತಿತ್ತು. "ಇವತ್ತು ಆಸ್ಪತ್ರ್ಯಾಗ ಬೈಸ್ಕೊಂಡೆ ಮೇಸ್ತ್ರಿ. ತೂಕ ಮತ್ತ ಹೆಚ್ಚಾಗೈತಿ, ಮೈಯಾಗ ನೀರು ನಿಂತೈತಿ, ಹಿಂಗಾದ್ರ ಎದಿಗೆ ಬರ್ತೈತಿ ಅಂದ್ರು. ನೀರು ಹೆಚ್ಚು ಕೊಡ್ತೀರೇನು ಅಂತ ನನ್ನ ಕೇಳ್ತಾರ. ನಾನು! ಸಣ್ಣ ಲೋಟದಾಗ ಅಳದು ಕೊಡೋನು ನಾನು. ಎಲ್ಲಿಂದ ಬರ್ತೈತ್ರೀ ಆ ನೀರು?"

ನನ್ನ ಕೈಯಲ್ಲಿ ಇನ್ನೂ ಆ ಮುಚ್ಚಳವಿತ್ತು. ಅಂಬಾಸಿಡರಿನ ಬಾನೆಟ್ಟು ಎಷ್ಟು ಭಾರ ಎಂದು ಎತ್ತಿದವರಿಗೇ ಗೊತ್ತು. ಒಂದು ತಂಬಿಗೆಯನ್ನೂ ಎತ್ತಬಾರದ ಕೈ ಅದನ್ನು ಎತ್ತಿ ಹಿಡಿಯುವುದುಂಟೆ? ಮೊದಲ ಸಲ ಅವರು ಹೇಳಿದಾಗಲೇ ನನಗೆ ಹೊಳೆಯಬೇಕಿತ್ತು.

ಹೊರಗಿನಿಂದ ಉಸ್ತಾದರ ದನಿ ಬಂತು. ಬೈಗುಳವಿಲ್ಲದ ದನಿ. "ಪಂಪ್ಯಾ. ಆ ಕ್ಯಾನು ಗಾಡ್ಯಾಗಿಂದ ತೆಗಿ. ಈಗ್ಲೇ ತೆಗಿ."

ಕಣ್ಣು ಕಾಣದ ಮನುಷ್ಯ ನನ್ನ ಜೊತೆಗೇ ಅಲ್ಲಿಗೆ ಬಂದು ಮುಟ್ಟಿದ್ದರು. ನಾನು ಹೋಗಿ ಕ್ಯಾನು ತೆಗೆದು ನನ್ನ ಸಾಮಾನಿನ ಪೆಟ್ಟಿಗೆಯ ಹಿಂದೆ ಇಟ್ಟೆ.

ಹೊಸ ಹುಡುಗರು ಇಲ್ಲಿ ಒಂದು ಮಾತು ನೆನಪಿಡಬೇಕು. ಕೂಲೆಂಟು ವಿಷ. ನೋಡಲು ಶರಬತ್ತಿನ ಹಾಗಿರುತ್ತದೆ, ನಾಲಿಗೆಗೆ ಸಿಹಿ. ಅದನ್ನು ಕುಡಿಯುವ ನೀರಿನ ಕ್ಯಾನಿಗೋ ಬಾಟಲಿಗೋ ಹಾಕಿ ಯಾರ ಕೈಗೂ ಕೊಡಬೇಡಿ.

"ಯಾಕ್ರೀ, ಏನಾತು?" ಎಂದರು ದೊಡ್ಡಬಸಪ್ಪ.

"ಕ್ಯಾನು ಸೋರ್ತೈತಿ," ಎಂದರು ಉಸ್ತಾದರು. "ಗುರುವಾರ ಬ್ಯಾರೇದು ಕೊಡ್ತಾನ ಬಿಡ್ರಿ."

"ನೀರಿಲ್ದ ಹೆಂಗ್ರೀ ಹೋಗೂದು ಸಿರುಗುಪ್ಪಕ್ಕ?" ಅವರು ಎದ್ದೇ ನಿಂತರು. ಬಾಯ್ಲರ್ ನೋಡಿದವರಿಗೆ ಅದು ಆಗದ ಮಾತು.

"ನಾ ಬರ್ತೀನಿ ನಿಮ್ಮ ಕೂಡ," ಎಂದೆ. "ಮುಳ್ಳು ನಾನೇ ನೋಡಬೇಕು."

ಆಸ್ಪತ್ರೆಯ ಬಾಗಿಲಲ್ಲಿ ನೀಲಮ್ಮನವರನ್ನು ನಾನು ಮೊದಲ ಸಲ ನೋಡಿದೆ. ಗಂಡನ ಭುಜ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಸಣ್ಣ ಮೈ, ತುಟಿ ಒಣಗಿ ಬಿರಿದಿದ್ದವು. ನನ್ನನ್ನು ನೋಡಿ, "ಇವ್ರೇನು ಮೇಸ್ತ್ರಿ ಅಣ್ಣ? ನಿಮ್ಮ ಹೆಸರು ದಿನಾ ಕೇಳಿ ಕೇಳಿ ಸಾಕಾಗೈತಿ," ಎಂದು ನಕ್ಕರು. ಹಿಂದಿನ ಸೀಟಿನಲ್ಲಿ ಒರಗಿಕೊಂಡರು. ನಾನು ಮುಂದೆ ದೊಡ್ಡಬಸಪ್ಪನವರ ಪಕ್ಕ ಕೂತೆ.

ಊರು ದಾಟಿದ ಮೇಲೆ ಒಂದು ಸಲ ಹಿಂದೆ ತಿರುಗಿದೆ. ಆಕೆಯ ಬಲಗೈ ಸೀಟಿನ ಕೆಳಗೆ ಮೆಲ್ಲಗೆ ತಡಕಾಡುತ್ತಿತ್ತು. ಕತ್ತಲ ಕೋಣೆಯಲ್ಲಿ ಗೊತ್ತಿರುವ ಸಾಮಾನನ್ನು ಹುಡುಕುವ ಹಾಗೆ. ಸಿಗಲಿಲ್ಲ. ಕೈ ಮೇಲೆ ಬಂದು ಮಡಿಲಲ್ಲಿ ಕೂತಿತು. ನಾನು ಮುಳ್ಳಿನ ಕಡೆ ನೋಡಿದೆ. ಅದು ನಡುವೆಯೇ ಇತ್ತು.

ಸಿಂಧಿಗೇರಿಯಲ್ಲಿ ನಿಲ್ಲುವ ಅಗತ್ಯವಿರಲಿಲ್ಲ. ಆದರೂ ದೊಡ್ಡಬಸಪ್ಪನವರು ಹೋಟೆಲ್ಲಿನ ಮುಂದೆ ಕಾರು ನಿಲ್ಲಿಸಿದರು. "ಒಂದ್ ಚಾ ಕುಡುದು ಬರ್ತೀನಿ," ಎಂದು ಇಳಿದು ಹೋದರು. ನನ್ನನ್ನು ಕರೆಯಲಿಲ್ಲ.

"ಕ್ಯಾನು ಎಲ್ಲೈತಣ್ಣ?" ಎಂದರು ನೀಲಮ್ಮ.

"ಶೆಡ್ಡಿನ್ಯಾಗ ಐತಿ ಯವ್ವಾ. ಅದರಾಗ ಈಗ ನೀರಿಲ್ಲ. ಗಾಡಿಗೆ ಹಾಕೋ ಹಸಿರು ಮದ್ದು ತುಂಬೀನಿ. ಬಾಯಿಗೆ ಸಿಹಿ ಹತ್ತತೈತಿ. ಮನಷ್ಯಾರು ಕುಡದ್ರ ಉಳಿಯಂಗಿಲ್ಲ."

ಆಕೆ ಕಿಟಕಿಯ ಹೊರಗೆ ನೋಡಿದರು. "ಅವ್ರಿಗೆ ಗೊತ್ತೈತೇನು?" ಎಂದರು.

"ಇಲ್ಲ. ನನಗ ಗೊತ್ತು, ನನ್ನ ಉಸ್ತಾದ್‌ರಿಗೆ ಗೊತ್ತು."

"ಸಣ್ಣ ಲೋಟದಾಗ ಅಳದು ಕೊಡ್ತಾರ," ಎಂದರು ಆಕೆ. ದೂರುವ ದನಿಯಾಗಿರಲಿಲ್ಲ. "ಬಾಯ್ಲರ್ ನೋಡಿದ ಕಣ್ಣು, ಒಂದು ಹನಿ ಅತ್ಲಾಗ ಇತ್ಲಾಗ ಆಗಂಗಿಲ್ಲ. ಅದಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ನನ್ನ ಮುಂದ ತಾವೂ ಒಂದು ಗುಟುಕು ಕುಡಿಯಂಗಿಲ್ಲ. ಉಣ್ಣಾಗ ಸೈತ. ಗಂಟಲಾಗ ತುತ್ತು ಸಿಕ್ಕಿದ್ರೂ ಎದ್ದು ಹೊರಗ ಹೋಗ್ತಾರ. ಈಗ ಚಾ ಅಂತ ಹೋದ್ರಲ್ಲ, ಚಾ ಅಲ್ಲ ಅದು. ಹೋಟ್ಲು ಹಿಂದ ಒಂದು ನಲ್ಲಿ ಐತಿ. ಅಲ್ಲಿ ಬೊಗಸಿ ಒಡ್ಡಿ ಕುಡೀತಾರ, ಕಳ್ಳರ ಹಂಗ. ನಾ ಒಂದ್ಸಲ ಇಳುದು ಹೋಗಿ ನೋಡೀನಿ."

ಹೋಟೆಲ್ಲಿನ ಕಡೆ ನೋಡುತ್ತ ಅಂದರು: "ಅವ್ರು ಅಲ್ಲಿ ಕುಡಿಯೂವಾಗ ನಾ ಇಲ್ಲಿ ಕುಡೀತಿದ್ದೆ. ಅವ್ರನ್ನ ಕೇಳಿದ್ರ ಪಾಪ, ಕೊಡಾಕೂ ಆಗಂಗಿಲ್ಲ, ಇಲ್ಲ ಅನ್ನಾಕೂ ಆಗಂಗಿಲ್ಲ, ಮುಖ ಹಿಂಡ್ತಾರ. ಇದು ಗಾಡಿ ನೀರು. ಗಾಡಿಗೆ ಯಾರೂ ಅಳತಿ ಹಾಕಂಗಿಲ್ಲಲ್ಲಣ್ಣ."

ನನಗೆ ಎಂಜಿನ್ನಿನ ಮಾತು ಬರುತ್ತದೆ, ಇಂಥ ಮಾತು ಬರುವುದಿಲ್ಲ. ತೋಚಿದ್ದನ್ನು ಹೇಳಿದೆ. "ಅವ್ರಿಗೆ ನಾ ಹೇಳಂಗಿಲ್ಲ ಯವ್ವಾ. ಆದ್ರ ಗುರುವಾರ ಆ ಕ್ಯಾನು ಅವ್ರು ಕೇಳ್ತಾರ. ಈ ಸೀಟಿನ ಕೆಳಗ ಅದನ್ನ ಇಡಾಕ ನನ್ನ ಕೈ ಬರಂಗಿಲ್ಲ. ನಾ ಏನ್ ಹೇಳ್ಲಿ ಅವ್ರಿಗೆ, ನೀವೇ ಹೇಳ್ರಿ."

ಆಕೆ ಉತ್ತರ ಕೊಡುವಷ್ಟರಲ್ಲಿ ದೊಡ್ಡಬಸಪ್ಪನವರು ಬಂದರು. ಬಾಗಿಲು ತೆರೆದು ಕೂತು ಕೀಲಿ ತಿರುಗಿಸಿದರು. ಅವರ ಬಿಳಿ ಮೀಸೆಯ ತುದಿಯಲ್ಲಿ ನೀರಿನ ಹನಿ ನಿಂತಿತ್ತು. ಅಂಗಿಯ ಕಾಲರು ತೋಯ್ದಿತ್ತು.

ನೀಲಮ್ಮ ಅದನ್ನು ನೋಡುತ್ತಿದ್ದರು.

"ಮೀಸಿ ಒರಸ್ಕೋರಿ," ಎಂದರು ಹಿಂದಿನಿಂದ.

ದೊಡ್ಡಬಸಪ್ಪನವರ ಕೈ ಸ್ಟೇರಿಂಗಿನ ಮೇಲೆ ನಿಂತುಬಿಟ್ಟಿತು. ಆಮೇಲೆ ಹೆಗಲ ಮೇಲಿನ ಟವೆಲಿನಿಂದ ಮೀಸೆ ಒರೆಸಿಕೊಂಡರು. ತೆಕ್ಕಲಕೋಟೆ ಬಂತು, ಹೋಯಿತು. ಗದ್ದೆಗಳು ಶುರುವಾದವು. ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಾನು ಇಳಿದುಕೊಂಡು ಬಳ್ಳಾರಿಯ ಬಸ್ಸು ಹಿಡಿದೆ. ಆ ಮೂರು ದಿನ ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

ಶೆಡ್ಡಿಗೆ ಬಂದಾಗ ಉಸ್ತಾದರು ಇನ್ನೂ ಮನೆಗೆ ಹೋಗದೆ ಕೂತಿದ್ದರು. "ಹೇಳಿದ್ಯಾ?" ಎಂದರು. "ಅಕಿಗೆ ಹೇಳಿದೆ," ಎಂದೆ. ತಲೆಯಾಡಿಸಿ, ಸುಟ್ಟ ಕೈಯನ್ನು ನನ್ನ ಹೆಗಲ ಮೇಲಿಟ್ಟು ಎದ್ದರು. ಅವರು ನನ್ನ ಹೆಗಲ ಮೇಲೆ ಕೈ ಇಟ್ಟದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ಗುರುವಾರ ಕಾರು ಆಸ್ಪತ್ರೆಗೆ ಹೋಗುವ ಮುಂಚೆಯೇ ನಮ್ಮ ಶೆಡ್ಡಿನ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ನೀಲಮ್ಮ ಇದ್ದರು. ಕಾರಿನ ಮೇಲಿನ ಕ್ಯಾರಿಯರಿಗೆ ಒಂದು ಖಾಲಿ ಕ್ಯಾನನ್ನು ಹೊಸ ಹಗ್ಗದಿಂದ ಕಟ್ಟಿದ್ದರು.

"ಮೇಸ್ತ್ರಿ," ಎಂದರು ದೊಡ್ಡಬಸಪ್ಪ ಇಳಿಯುತ್ತ, "ಆ ಹಸಿರು ನೀರು ಅದೇನೈತಲ್ಲ, ಅದನ್ನ ಇದರಾಗ ಹಾಕಿ ಮ್ಯಾಲೇ ಕಟ್ಟಿಬಿಡ್ರಿ. ಗಾಡಿ ಒಳಗ ಬ್ಯಾಡಂತ. ಅಕಿನೇ ಹಗ್ಗ ಹುಡುಕಿ ಕೊಟ್ಲು." ಅಷ್ಟು ಹೇಳಿ ಅವರು ನನ್ನ ಮುಖವನ್ನು ನೋಡಲಿಲ್ಲ. ಕ್ಯಾನಿಗೆ ತುಂಬಿಸಿ ಕೊಟ್ಟೆ. ಗಂಟನ್ನು ನನಗೆ ಬಿಡದೆ ತಾವೇ ಹಾಕಿದರು. ಬಾಯ್ಲರ್ ಮನೆಯಲ್ಲಿ ಕಲಿತ ಗಂಟು, ನನಗೆ ಬಿಚ್ಚಲು ಬರುವಂಥದ್ದಲ್ಲ.

ಉಸ್ತಾದರು ಮರದ ಕೆಳಗಿನಿಂದ ಚೆಂಬು ಮುಂದೆ ಮಾಡಿದರು. "ನೀರ್ ತಗೋರಿ ದೊಡ್ಡಬಸಪ್ಪ."

ದೊಡ್ಡಬಸಪ್ಪನವರು ಚೆಂಬು ಹಿಡಿದರು, ಕಾರಿನ ಕಡೆ ನೋಡಿದರು, ಶೆಡ್ಡಿನ ಒಳಗೆ ಹೋಗಲು ಒಂದು ಹೆಜ್ಜೆ ಇಟ್ಟರು.

"ಇಲ್ಲೇ ಕುಡೀರಿ," ಎಂದರು ನೀಲಮ್ಮ ಕಿಟಕಿಯಿಂದ. "ನನ್ನ ಮುಂದ ಕುಡೀರಿ."

ಅವರು ರಸ್ತೆಯ ಬದಿಯಲ್ಲಿ, ಬಿಸಿಲಿನಲ್ಲಿ ನಿಂತು ಕತ್ತೆತ್ತಿ ಕುಡಿದರು. ಅರ್ಧ ನೀರು ಅಂಗಿಯ ಮೇಲೆ ಹೋಯಿತು. ನೀಲಮ್ಮ ಚೀಲದಿಂದ ಸಣ್ಣ ಲೋಟ ತೆಗೆದು, ತಮ್ಮ ಪಾಲಿನ ನೀರಿನಲ್ಲಿ ಒಂದು ಗುಟುಕು ಕುಡಿದು, ಮುಚ್ಚಿ ಇಟ್ಟರು. ಕಾರು ಆಸ್ಪತ್ರೆಯ ಕಡೆ ಹೋಯಿತು.

ಅವತ್ತು ಸಂಜೆ ವಾಪಸ್ ಹೋಗುವಾಗ ಕಾರು ಸಿಂಧಿಗೇರಿಯಲ್ಲಿ ನಿಲ್ಲಲಿಲ್ಲವಂತೆ. ನೆಟ್ಟಗೆ ಸಿರುಗುಪ್ಪಕ್ಕೆ ಹೋಯಿತು.